ಜಾತ್ರೆಗೆ ಕ್ಯಾಮೆರಾ ತಗೊಂಡು ಹೋಗ್ತೀರಾ? ಮೊದಲು ನಿಲ್ಲೋಕೆ ಒಂದು ಮೆಟ್ಟಿಲು ಹುಡುಕಿ

2022ರಲ್ಲಿ ಶಿವಮೊಗ್ಗದ ಕೋಟೆ ಮಾರಿಕಾಂಬಾ ಜಾತ್ರೆಗೆ ನಾನು ಮೊದಲ ಸಲ ಕ್ಯಾಮೆರಾ ಹೆಗಲಿಗೇರಿಸಿಕೊಂಡು ಹೋದೆ. ಬೆಳಿಗ್ಗೆಯಿಂದ ರಾತ್ರಿವರೆಗೆ ಗಾಂಧಿ ಬಜಾರಿನ ಈ ತುದಿಯಿಂದ ಆ ತುದಿಗೆ ಎಷ್ಟು ಸಲ ಓಡಾಡಿದೆನೋ ಲೆಕ್ಕವಿಲ್ಲ. ಒಟ್ಟು 900 ಚಿಲ್ಲರೆ ಫೋಟೋ. ಮನೆಗೆ ಬಂದು ಕಂಪ್ಯೂಟರಿಗೆ ಹಾಕಿ ನೋಡಿದರೆ ಅರ್ಧಕ್ಕರ್ಧ ಜನರ ತಲೆಯ ಹಿಂಭಾಗ, ಉಳಿದದ್ದರಲ್ಲಿ ಬೇರೆಯವರು ಎತ್ತಿ ಹಿಡಿದ ಮೊಬೈಲುಗಳು. ಅಮ್ಮ ಪಕ್ಕದಲ್ಲಿ ಕೂತು ತಾಳ್ಮೆಯಿಂದ ಐವತ್ತು ಫೋಟೋ ನೋಡಿ, "ಎಲ್ಲಾ ಸರಿ, ಜಾತ್ರೆ ಎಲ್ಲೋ?" ಅಂದರು.

ಅಷ್ಟರಲ್ಲೂ ಒಂದು ಫೋಟೋ ಚೆನ್ನಾಗಿ ಬಂದಿತ್ತು. ಕಾಲು ಸೋತು ಒಂದು ಪಾತ್ರೆ ಅಂಗಡಿಯ ಮೆಟ್ಟಿಲ ಮೇಲೆ ಕಬ್ಬಿನ ಹಾಲು ಕುಡೀತಾ ಕೂತಿದ್ದಾಗ ತೆಗೆದದ್ದು. ಒಬ್ಬ ಅಜ್ಜಿ ಉಡಿ ಸಾಮಾನಿನ ತಟ್ಟೆಯನ್ನು ತಲೆಯ ಮಟ್ಟಕ್ಕೆ ಎತ್ತಿ ಹಿಡಿದಿದ್ದಾರೆ. ಅಕ್ಕಿ, ಕೊಬ್ಬರಿ, ಹಸಿರು ಬಳೆ, ರವಿಕೆ ಕಣ. ತಟ್ಟೆ ಬೀಳಬಾರದು ಅಂತ ಹಿಂದಿನಿಂದ ಒಬ್ಬ ಗುರುತಿಲ್ಲದ ಹುಡುಗ ಅದರ ಅಂಚಿಗೆ ಒಂದು ಬೆರಳು ಕೊಟ್ಟಿದ್ದಾನೆ. ಅಷ್ಟೇ. ನಾನು ಓಡಾಡಿ ತೆಗೆದ 900ರಲ್ಲಿ ಇಂಥದ್ದೊಂದು ಸಿಗಲಿಲ್ಲ. ಸುಮ್ನೆ ಕೂತಾಗ ಸಿಕ್ಕಿತು. ಹಾಗಾಗಿ 2024ರ ಜಾತ್ರೆಗೆ ಹೋದಾಗ ನಾನು ಮಾಡಿದ ಮೊದಲ ಕೆಲಸ ಒಂದು ಮೆಟ್ಟಿಲು ಹುಡುಕಿದ್ದು.

ಗೊತ್ತಿಲ್ಲದವರಿಗೆ: ಈ ಜಾತ್ರೆ ಎರಡು ವರ್ಷಕ್ಕೊಮ್ಮೆ, ಐದು ದಿನ ನಡೆಯುತ್ತದೆ. ಮಂಗಳವಾರ ದೇವಿಯನ್ನು ಗಾಂಧಿ ಬಜಾರಿನಲ್ಲಿ ಕೂರಿಸುತ್ತಾರೆ, ಅದು ಅವಳ ತವರುಮನೆ. ಅವತ್ತು ರಾತ್ರಿ ಮೆರವಣಿಗೆಯಲ್ಲಿ ಕೋಟೆ ದೇವಸ್ಥಾನದ ಗದ್ದುಗೆಗೆ ಕರೆದುಕೊಂಡು ಹೋಗುತ್ತಾರೆ. ಆಮೇಲಿನ ದಿನಗಳ ಗದ್ದಲವೆಲ್ಲ ದೇವಸ್ಥಾನದ ಸುತ್ತ, ಶನಿವಾರ ರಾತ್ರಿ ದೇವಿಯನ್ನು ವನಕ್ಕೆ ಕಳಿಸುತ್ತಾರೆ. ಫೋಟೋ ಕಲಿಯುತ್ತಿರುವವರಿಗೆ ನನ್ನ ಲೆಕ್ಕದಲ್ಲಿ ಮಂಗಳವಾರವೇ ಬೆಸ್ಟ್. ಬೀದಿ ಕಿರಿದು, ಎರಡೂ ಕಡೆ ಅಂಗಡಿ, ಉಡಿ ತುಂಬಲು ಬಂದ ಹೆಂಗಸರು ನಸುಕಿನಿಂದಲೇ ಸಾಲಿನಲ್ಲಿ ನಿಂತಿರುತ್ತಾರೆ. ಸಾಲಿನಲ್ಲಿ ನಿಂತವರು ಓಡುವುದಿಲ್ಲ, ನಿಮಗೆ ಟೈಮ್ ಸಿಗುತ್ತದೆ.

ಹಿಂದಿನ ದಿನ, ಅಂದರೆ ಸೋಮವಾರ ಸಂಜೆ, ಕ್ಯಾಮೆರಾ ಇಲ್ಲದೆ ಒಂದು ಸುತ್ತು ಹಾಕಿ. ಶಾಮಿಯಾನ ಎಲ್ಲಿ ಮುಗಿಯುತ್ತದೆ, ಬ್ಯಾರಿಕೇಡ್ ಎಲ್ಲಿ ತಿರುಗುತ್ತದೆ, ಲೈಟು ಎಲ್ಲಿ ಕಟ್ಟಿದ್ದಾರೆ, ಡಿಜೆಯ ಸ್ಪೀಕರ್ ಎಲ್ಲಿ ಇಡುತ್ತಾರೆ (ಅದರ ಹತ್ತಿರ ಮಾತ್ರ ನಿಲ್ಲಬೇಡಿ, ಎರಡು ದಿನ ಕಿವಿ ಗುಂಯ್ ಅನ್ನುತ್ತೆ) ಅಂತೆಲ್ಲ ನೋಡಿಕೊಳ್ಳಿ. ಮುಖ್ಯವಾಗಿ ತಿರುವುಗಳನ್ನು ನೋಡಿ. ಮೆರವಣಿಗೆ ನೇರ ರಸ್ತೆಯಲ್ಲಿ ಹೋಗುವಾಗ ನಿಮಗೆ ಸಿಗುವುದು ಪಕ್ಕದ ಮುಖ, ಇಲ್ಲಾಂದ್ರೆ ಬೆನ್ನು. ತಿರುವಿನಲ್ಲಿ ಎಲ್ಲರೂ ನಿಧಾನ ಮಾಡಲೇಬೇಕು, ತಿರುಗುವಾಗ ಎಲ್ಲರ ಮುಖವೂ ಒಂದು ಕ್ಷಣ ನಿಮ್ಮ ಕಡೆ ಬರುತ್ತದೆ.

ಆಮೇಲೆ ಅಂಗಡಿಯವರನ್ನು ಮಾತಾಡಿಸಿ. ನಾನು ಅದೇ ಪಾತ್ರೆ ಅಂಗಡಿಗೆ ಹೋಗಿ, ಮನೆಗೆ ಬೇಕಿದ್ದ ಒಂದು ಸೌಟು ತಗೊಂಡು, "ಯಜಮಾನ್ರೇ, ನಾಳೆ ನಿಮ್ಮ ಮೆಟ್ಟಿಲ ಮೇಲೆ ಸ್ವಲ್ಪ ಹೊತ್ತು ನಿಂತ್ಕೊಳ್ಲಾ?" ಅಂದೆ. "ನಿಂತ್ಕೊಳ್ಳಿ ಮಾರಾಯ್ರೇ, ಗಿರಾಕಿ ಬಂದ್ರೆ ಮಾತ್ರ ಪಕ್ಕಕ್ಕೆ ಸರೀರಿ" ಅಂದರು. ಎರಡು ಮೆಟ್ಟಿಲು ಸಾಕು. ಜನರ ತಲೆಗಿಂತ ಒಂದು ಮೊಳ ಮೇಲೆ ಇರುತ್ತೀರಿ, ಮುಖಗಳು ಕಾಣುತ್ತವೆ, ಹಿಂದಿನ ಸಾಲೂ ಕಾಣುತ್ತದೆ. ತುಂಬಾ ಜನ ಮಹಡಿ ಹತ್ತುತ್ತಾರೆ. ಒಂದು ಸಲ ನಾನೂ ಹತ್ತಿದ್ದೆ. ಅಲ್ಲಿಂದ ಬೈತಲೆಗಳು ಮತ್ತು ಶಾಮಿಯಾನದ ಬೆನ್ನು ಬಿಟ್ಟರೆ ಏನೂ ಕಾಣಲಿಲ್ಲ. ಜನಸಾಗರ ತೋರಿಸುವ ಒಂದು ಫೋಟೋ ಬೇಕು ಅಂದ್ರೆ ಹತ್ತಿ, ತೆಗೀರಿ, ಇಳೀರಿ.

ಸಾಮಾನಿನ ಬಗ್ಗೆ ಜಾಸ್ತಿ ತಲೆಕೆಡಿಸಿಕೊಳ್ಳಬೇಡಿ. ಕ್ಯಾಮೆರಾ ಜೊತೆ ಬಂದ 18-55 ಲೆನ್ಸ್ ಸಾಕು (18ರಲ್ಲಿ ಅಗಲವಾಗಿ ಕಾಣುತ್ತದೆ, 55ರಲ್ಲಿ ಹತ್ತಿರ). ದೊಡ್ಡ ಜೂಮ್ ಲೆನ್ಸ್ ತಂದವರನ್ನು ನೋಡಿದ್ದೇನೆ, ಅವರ ಮತ್ತು ಅವರ ಫೋಟೋದ ನಡುವೆ ಯಾವಾಗಲೂ ಯಾರದ್ದೋ ಬಲೂನು ಬರುತ್ತದೆ. ಟ್ರೈಪಾಡ್ ಮನೆಯಲ್ಲೇ ಇರಲಿ, ಆ ನೂಕುನುಗ್ಗಲಲ್ಲಿ ಅದಕ್ಕೆ ಯಾರಾದರೂ ಎಡವಿ ಬಿದ್ದರೆ ಜಾತ್ರೆ ನಿಮ್ಮದೇ ಆಗುತ್ತದೆ. ಬೀದಿಯಲ್ಲಿ ನಿಂತು ಲೆನ್ಸ್ ಬದಲಾಯಿಸಬೇಡಿ, ಗಾಳಿಯಲ್ಲಿ ಅರಿಶಿನ ಕುಂಕುಮದ ಪುಡಿ, ಧೂಪದ ಹೊಗೆ ಎಲ್ಲ ಇರುತ್ತದೆ. ಲೆನ್ಸ್ ಮೇಲೆ ಕುಂಕುಮ ಕೂತರೆ ಬಟ್ಟೆಯಲ್ಲಿ ಉಜ್ಜಬಾರದು, ಗೀರು ಬೀಳುತ್ತದೆ. ಮೊದಲು ಗಾಳಿ ಊದುವ ರಬ್ಬರ್ ಬ್ಲೋಯರಿನಿಂದ ಊದಿ. ಬಾಯಲ್ಲಿ ಊದಿದರೆ ಎಂಜಲು ಸಿಡಿದು ಕುಂಕುಮ ಅಲ್ಲೇ ಅಂಟಿಕೊಳ್ಳುತ್ತದೆ. ಇದು ಅನುಭವದ ಮಾತು.

ಈಗ ಸೆಟ್ಟಿಂಗ್. ಬೆಳಗಿನ ಹೊತ್ತು, ನಡೆಯುತ್ತಿರುವ ಜನಕ್ಕೆ ಶಟರ್, ಅಂದರೆ ಬೆಳಕು ಒಳಗೆ ಬಿಡುವ ಸಮಯ, ಸೆಕೆಂಡಿನ 1/250 ಭಾಗ ಸಾಕು. ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) ಆಟೋಗೆ ಬಿಡಿ, ಮಿತಿ 3200 ಅಂತ ಇಡಿ. ನೂಕಾಟದಲ್ಲಿ ಕ್ಯಾಮೆರಾ ತಾನೇ ಫೋಕಸ್ ಹುಡುಕುತ್ತಾ ಕೂತರೆ ಕ್ಷಣ ಕೈತಪ್ಪುತ್ತದೆ, ಮುಂದೆ ಬಂದ ಯಾರದ್ದೋ ಭುಜಕ್ಕೆ ಹಿಡಿದುಕೊಳ್ಳುತ್ತದೆ. ಅದಕ್ಕೆ ಹಳೆಯ ಉಪಾಯ ಒಂದಿದೆ. ಲೆನ್ಸನ್ನು 18ಕ್ಕೆ ಇಡಿ, ಅಪರ್ಚರ್ (ಲೆನ್ಸಿನ ಒಳಗೆ ಬೆಳಕು ಬರುವ ಕಿಂಡಿ, ಸಂಖ್ಯೆ ಚಿಕ್ಕದಾದಷ್ಟು ಕಿಂಡಿ ದೊಡ್ಡದು) 8 ಮಾಡಿ, ಎರಡು ಮೀಟರಿಗಿಂತ ತುಸು ಆಚೆ ಇರುವ ಯಾವುದಾದರೂ ಕಂಬಕ್ಕೆ ಫೋಕಸ್ ಮಾಡಿ, ಆಮೇಲೆ ಫೋಕಸನ್ನು ಮ್ಯಾನ್ಯುಯಲ್‌ಗೆ ಹಾಕಿಬಿಡಿ. ಎಪಿಎಸ್-ಸಿ ಸೆನ್ಸರಿನ (18-55 ಲೆನ್ಸ್ ಜೊತೆ ಬರುವ ಸಾಮಾನ್ಯ ಕ್ಯಾಮೆರಾಗಳಲ್ಲಿರುವ ಅಳತೆಯದ್ದು) ಕ್ಯಾಮೆರಾದಲ್ಲಿ ಸುಮಾರು ಒಂದು ಮೀಟರಿನಿಂದ ಹಿಡಿದು ಬೀದಿಯ ಕೊನೆಯವರೆಗೆ ಎಲ್ಲವೂ ಸ್ಪಷ್ಟವಾಗಿ ಬರುತ್ತದೆ. ಮತ್ತೆ ಫೋಕಸ್ ಮುಟ್ಟುವ ಹಾಗೇ ಇಲ್ಲ. ಕ್ಯಾಮೆರಾ ಎತ್ತಿ ಒತ್ತಿದರೆ ಆಯಿತು.

ಶಾಮಿಯಾನದ ಕೆಳಗೆ ಬಂದ ಕೂಡಲೇ ಇನ್ನೊಂದು ತಲೆನೋವು. ಕೆಂಪು ಬಟ್ಟೆಯ ಮೂಲಕ ಇಳಿದ ಬೆಳಕು ಎಲ್ಲರ ಮುಖಕ್ಕೂ ಹೋಳಿ ಆಡಿಸಿಬಿಡುತ್ತದೆ. ಫೈಲನ್ನು ರಾ (RAW, ಕ್ಯಾಮೆರಾ ತಾನೇ ತಿದ್ದದ ಕಚ್ಚಾ ಫೈಲು) ಆಗಿ ತೆಗೆದಿದ್ದರೆ ಮನೆಯಲ್ಲಿ ಸ್ವಲ್ಪ ಸರಿಮಾಡಬಹುದು, ಪೂರ್ತಿ ಹೋಗುವುದಿಲ್ಲ. ನಾನು ಶಾಮಿಯಾನದ ಅಂಚಿನಲ್ಲಿ ನಿಲ್ಲುತ್ತೇನೆ. ಹೊರಗಿನ ಬಿಳಿ ಬೆಳಕು ಪಕ್ಕದಿಂದ ಬೀಳುವ ಆ ಎರಡು ಅಡಿ ಜಾಗ ಇದೆಯಲ್ಲ, ಅಲ್ಲಿಗೆ ಬಂದವರ ಮುಖ ಎಷ್ಟು ಚೆನ್ನಾಗಿ ಬರುತ್ತೆ ಅಂದ್ರೆ, ಸ್ಟುಡಿಯೋ ಬೇಡ.

ಡೊಳ್ಳು ಕುಣಿತ ಬಂದರೆ ಶಟರ್ 1/500ಕ್ಕೆ ಏರಿಸಿ. ಆದರೆ ಅದಕ್ಕಿಂತ ಮುಖ್ಯ, ಒಂದೆರಡು ನಿಮಿಷ ಫೋಟೋ ತೆಗೆಯದೆ ಕೇಳಿ. ಬಡಿತ ಒಂದೇ ಲಯದಲ್ಲಿ ಹೋಗ್ತಾ ಹೋಗ್ತಾ ಬಿಗಿಯಾಗುತ್ತದೆ, ತಂಡದ ಮುಂದಿನವನು ಕೋಲೆತ್ತಿ ಸನ್ನೆ ಮಾಡುತ್ತಾನೆ, ಆಗ ಅಷ್ಟೂ ಜನ ಒಟ್ಟಿಗೆ ನೆಗೆಯುತ್ತಾರೆ. ಎರಡು ಸಲ ಕೇಳಿದರೆ ಮೂರನೇ ಸಲ ಯಾವಾಗ ನೆಗೆಯುತ್ತಾರೆ ಅಂತ ನಿಮ್ಮ ಬೆರಳಿಗೇ ಗೊತ್ತಾಗುತ್ತದೆ. ಕಣ್ಣಲ್ಲಿ ನೋಡಿ ಒತ್ತಿದರೆ ಅವರು ಆಗಲೇ ನೆಲಕ್ಕೆ ಬಂದಿರುತ್ತಾರೆ. ಮಂಡಿಯೂರಿ ಕೆಳಗಿನಿಂದ ತೆಗೆದರೆ ಹಿಂದಿನ ಫ್ಲೆಕ್ಸುಗಳು ಮರೆಯಾಗಿ ಆಕಾಶ ಸಿಗುತ್ತದೆ. ನಮ್ಮೂರ ಫ್ಲೆಕ್ಸುಗಳ ಕಾಟ ಗೊತ್ತಲ್ಲ, ದೇವರಿಗಿಂತ ದೊಡ್ಡ ಮುಖ ಶುಭಕೋರುವವರದ್ದು.

ರಾತ್ರಿ ಮೆರವಣಿಗೆಯಲ್ಲಿ ಹೊಸಬರು ಬೀಳುವ ಗುಂಡಿ ಬೇರೆ. ಫೋಟೋದಲ್ಲಿ ಅಡ್ಡಡ್ಡ ಕಪ್ಪು ಪಟ್ಟಿ ಬರುತ್ತದೆ, ಕ್ಯಾಮೆರಾ ಕೆಟ್ಟಿತು ಅಂದುಕೊಳ್ಳುತ್ತಾರೆ. ಕೆಟ್ಟಿರುವುದಿಲ್ಲ. ನಮ್ಮ ಕರೆಂಟು 50 ಹರ್ಟ್ಜ್, ಹಾಗಾಗಿ ಅಗ್ಗದ ಎಲ್‌ಇಡಿ ದೀಪಗಳು ಸೆಕೆಂಡಿಗೆ 100 ಸಲ ಮಿನುಗುತ್ತವೆ. ಕಣ್ಣಿಗೆ ಕಾಣಲ್ಲ, ವೇಗದ ಶಟರಿಗೆ ಕಾಣುತ್ತೆ. ಶಟರ್ 1/100 ಅಥವಾ 1/50 ಇಡಿ, ಪಟ್ಟಿ ಹೆಚ್ಚುಕಡಿಮೆ ಮಾಯ. ಅಪರ್ಚರ್ ಪೂರ್ತಿ ತೆರೆದಿಡಿ, ಜೂಮ್ ಮಾಡಬೇಡಿ. ಆ 18-55 ಲೆನ್ಸ್ 18ರಲ್ಲಿ 3.5ರವರೆಗೆ ತೆರೆದುಕೊಳ್ಳುತ್ತದೆ, 55ಕ್ಕೆ ಹೋದರೆ 5.6ಕ್ಕೆ ನಿಲ್ಲುತ್ತದೆ, ಅರ್ಧಕ್ಕಿಂತ ಜಾಸ್ತಿ ಬೆಳಕು ಅಲ್ಲೇ ಹೋಯಿತು. ಸುತ್ತ ಕತ್ತಲೆ ಜಾಸ್ತಿ ಇರುವುದರಿಂದ ಕ್ಯಾಮೆರಾ ಗಾಬರಿಯಾಗಿ ಬೆಳಕು ಹೆಚ್ಚು ತಗೊಳ್ಳುತ್ತೆ, ದೇವಿಯ ಮುಖ ಬಿಳಿಚಿಕೊಳ್ಳುತ್ತೆ. ಎಕ್ಸ್‌ಪೋಷರನ್ನು ಒಂದು ಸ್ಟಾಪ್ ಕೆಳಗಿಳಿಸಿ, ಅಂದರೆ ಬೆಳಕು ಅರ್ಧಕ್ಕೆ. ಮೊಬೈಲಿನವರು ದೇವಿಯ ಮುಖದ ಮೇಲೆ ಬೆರಳು ಒತ್ತಿ ಹಿಡಿದು, ಬರುವ ಸೂರ್ಯನ ಗುರುತನ್ನು ಕೆಳಗೆ ಎಳೆಯಿರಿ. ನೈಟ್ ಮೋಡ್ ನಡೆಯುವ ಜನಕ್ಕೆ ಆಗಲ್ಲ, ಎಲ್ಲರೂ ದೆವ್ವದ ಹಾಗೆ ಬರುತ್ತಾರೆ. ಶುರು ಮಾಡುವ ಮೊದಲು ಮೊಬೈಲಿನ ಲೆನ್ಸನ್ನು ಒರೆಸಿ. ಬೆಳಿಗ್ಗೆಯಿಂದ ಜೇಬಲ್ಲಿದ್ದ ಫೋನಿನ ಲೆನ್ಸ್ ಮೇಲೆ ಮಂಡಕ್ಕಿ ತಿಂದ ಕೈಯ ಎಣ್ಣೆ ಇದ್ದೇ ಇರುತ್ತದೆ.

ಇನ್ನು ಜನ. ಇಲ್ಲಿ ಸ್ವಲ್ಪ ನಿಷ್ಠುರವಾಗಿ ಹೇಳುತ್ತೇನೆ. ಹರಕೆ ತೀರಿಸಲು ಬೇವಿನ ಉಡುಗೆ ಉಟ್ಟವರು, ಮೈಮೇಲೆ ದೇವರು ಬಂದವರು, ಜನಜಂಗುಳಿಯಲ್ಲಿ ಸೀರೆ ಸರಿಮಾಡಿಕೊಳ್ಳುತ್ತಿರುವವರು, ಇವರ ಮುಂದೆ ಕ್ಯಾಮೆರಾ ಇಳಿಸಿ. ಅವರು ನಿಮಗಾಗಿ ಬಂದಿಲ್ಲ. ಮಕ್ಕಳ ಫೋಟೋಗೆ ಜೊತೆಯಲ್ಲಿರುವ ದೊಡ್ಡವರನ್ನು ಕೇಳಿ. ದೇವಿಯ ಹತ್ತಿರದ ಫೋಟೋಗೆ ಅಲ್ಲಿರುವ ಸಮಿತಿಯವರನ್ನೋ ಅರ್ಚಕರನ್ನೋ ಕೇಳಿ, ಬೇಡ ಅಂದರೆ ಬೇಡ. ಉಳಿದಂತೆ ಕೇಳುವುದು ಕಷ್ಟವೇನಲ್ಲ. "ಅಮ್ಮಾ, ಒಂದ್ ಫೋಟೋ ತೆಗೀಲಾ?" ಅಂದರೆ ಹತ್ತರಲ್ಲಿ ಎಂಟು ಜನ ತಲೆ ಅಲ್ಲಾಡಿಸುತ್ತಾರೆ. ತೊಂದರೆ ಏನಂದ್ರೆ, ಆಮೇಲೆ ಎಲ್ಲರೂ ಪಾಸ್‌ಪೋರ್ಟ್ ಫೋಟೋಗೆ ನಿಂತ ಹಾಗೆ ಬಿಗಿಯಾಗಿಬಿಡುತ್ತಾರೆ. ಅದನ್ನೂ ಒಂದು ತೆಗೆದು, ತೋರಿಸಿ, ಥ್ಯಾಂಕ್ಸ್ ಹೇಳಿ, ಅಲ್ಲೇ ನಿಂತಿರಿ. ಎರಡು ನಿಮಿಷದಲ್ಲಿ ನಿಮ್ಮನ್ನು ಮರೆತು ಅವರ ಪಾಡಿಗೆ ಅವರು ಮಾತಿಗಿಳಿಯುತ್ತಾರೆ. ಆಗ ತೆಗೀರಿ. ಮೆಟ್ಟಿಲ ಮೇಲೆ ಒಂದೇ ಕಡೆ ನಿಲ್ಲುವುದರ ದೊಡ್ಡ ಲಾಭವೇ ಇದು, ಅರ್ಧ ಗಂಟೆ ಕಳೆದರೆ ನೀವು ಅಂಗಡಿಯ ಗೊಂಬೆ ಇದ್ದ ಹಾಗೆ.

ವ್ಯೂಫೈಂಡರಿನಲ್ಲಿ ಕಣ್ಣಿಟ್ಟುಕೊಂಡು ಹಿಂದೆ ಹಿಂದೆ ಹೆಜ್ಜೆ ಇಡಬೇಡಿ. ನಾನು ಹಾಗೆ ಹೋಗಿ ಪಾನಕ ಹಂಚುತ್ತಿದ್ದವರ ಟೇಬಲ್ಲಿಗೆ ಗುದ್ದಿ, ಅರ್ಧ ಕೊಳಗ ಪಾನಕ ನನ್ನ ಚಪ್ಪಲಿಯೊಳಗೆ. ದಿನವಿಡೀ ಪಚಪಚ ಅಂತ ನಡೆದೆ, ಇರುವೆಗಳಿಗೆ ಹಬ್ಬ. ಬ್ಯಾಗು ಎದೆಯ ಮೇಲಿರಲಿ, ಕ್ಯಾಮೆರಾದ ಪಟ್ಟಿ ಮಣಿಕಟ್ಟಿಗೆ ಸುತ್ತಿರಲಿ. ಜನ ತಳ್ಳಲು ಶುರುಮಾಡಿದರೆ ಎದುರು ನೂಕಬೇಡಿ, ಅವರ ಜೊತೆಗೇ ಹೋಗ್ತಾ ಓರೆಯಾಗಿ ಪಕ್ಕದ ಓಣಿಗೆ ಸರಿಯಿರಿ.

ಬೇರೆ ಜಾತ್ರೆಗಳಿಗೂ ಇದೇ ಲೆಕ್ಕ, ಸಣ್ಣ ವ್ಯತ್ಯಾಸಗಳಿವೆ. ಶಿವಮೊಗ್ಗ ದಸರಾದಲ್ಲಿ ಸಕ್ರೆಬೈಲು ಆನೆ ಬಿಡಾರದ ಆನೆಗಳು ಬರುತ್ತವೆ. ಅವುಗಳ ಮುಂದೆ ಫ್ಲ್ಯಾಶ್ ಹೊಡೆಯಲೇಬೇಡಿ, ಮಾವುತರು ಬೈಯುವ ಮೊದಲೇ ಆಫ್ ಮಾಡಿಕೊಂಡಿರಿ. ತೀರ್ಥಹಳ್ಳಿಯ ಎಳ್ಳಮಾವಾಸ್ಯೆ ಜಾತ್ರೆಯಲ್ಲಿ ತುಂಗೆಯ ಮೇಲೆ ತೆಪ್ಪೋತ್ಸವ ಇರುತ್ತದೆ. ನೀರಲ್ಲಿ ದೀಪದ ನೆರಳು ಬೇಕಿದ್ದರೆ ಸೇತುವೆಗಿಂತ ದಡದಲ್ಲಿ ತಗ್ಗಿಗೆ ಕೂರಿ, ಟ್ರೈಪಾಡ್ ಕೆಲಸಕ್ಕೆ ಬರುವುದು ಅಲ್ಲಿ. ಶಿವಮೊಗ್ಗದ ಗುಡ್ಡೇಕಲ್‌ನಲ್ಲಿ ಸುಬ್ರಹ್ಮಣ್ಯನ ಆಡಿಕೃತ್ತಿಕೆ ಜಾತ್ರೆ ಬರುವುದು ಮಳೆಗಾಲದಲ್ಲಿ. ಕಾವಡಿ, ಹರೋಹರ ಕೂಗು, ಮೇಲಿಂದ ಜಿಟಿಜಿಟಿ. ಕ್ಯಾಮೆರಾಕ್ಕೆ ಒಂದು ಪ್ಲಾಸ್ಟಿಕ್ ಕವರು ಹಾಕಿ, ಲೆನ್ಸಿನ ತುದಿಗೆ ತೂತು ಮಾಡಿ, ರಬ್ಬರ್ ಬ್ಯಾಂಡ್ ಬಿಗಿದರೆ ಸಾಕು.

ಮಳೆಯಲ್ಲಿ ನೆನೆದ ಕ್ಯಾಮೆರಾವನ್ನು ಹಾಗೇ ಬ್ಯಾಗಿಗೆ ತುರುಕಿ ಮಲಗಬೇಡಿ. ಮಲೆನಾಡಿನ ಥಂಡಿಗೆ ಉಪ್ಪಿನಕಾಯಿ ಮೇಲೆ ಬರುವ ಹಾಗೇ ಲೆನ್ಸ್ ಒಳಗೂ ಬೂಸ್ಟು ಬರುತ್ತದೆ, ಜೇಡರ ಬಲೆಯ ಹಾಗೆ ಹಬ್ಬುತ್ತದೆ, ತೆಗೆಸಲು ಹೋದರೆ ಲೆನ್ಸಿನ ಅರ್ಧ ಬೆಲೆ ಕೇಳುತ್ತಾರೆ. ಫ್ಯಾನಿನ ಗಾಳಿಗೆ ಒಣಗಿಸಿ, ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಇಡಿ. ಚರ್ಮದ ಬ್ಯಾಗಲ್ಲಿ ಬೇಡ.

ಅವತ್ತೇ ರಾತ್ರಿ ಫೋಟೋಗಳನ್ನು ಇನ್ನೊಂದು ಕಡೆ ಕಾಪಿ ಮಾಡಿ. ಆರಿಸುವ ಕೆಲಸ ಮಾತ್ರ ಒಂದು ವಾರ ಬಿಟ್ಟು ಮಾಡಿ, ಅವತ್ತಿಗೆ ಎಲ್ಲವೂ ಚೆನ್ನಾಗಿಯೇ ಕಾಣುತ್ತವೆ. 2024ರಲ್ಲಿ ನಾನು ತೆಗೆದದ್ದು 240, ಇಟ್ಟುಕೊಂಡದ್ದು 17. ಅದರಲ್ಲೊಂದು, ಪಾತ್ರೆ ಅಂಗಡಿಯವರು ಗಿರಾಕಿ ಬಿಟ್ಟು ಮೆಟ್ಟಿಲ ತುದಿಗೆ ಬಂದು ದೇವಿಗೆ ಕೈಮುಗಿದು ನಿಂತದ್ದು. ಪ್ರಿಂಟ್ ಹಾಕಿಸಿ ಕೊಟ್ಟು ಬಂದೆ. ಕನ್ನಡಕ ಹಾಕಿಕೊಂಡು ತುಂಬಾ ಹೊತ್ತು ನೋಡಿ, "ನಾನು ಇಷ್ಟು ದಪ್ಪ ಇದೀನಾ?" ಅಂದರು, ಆಮೇಲೆ ಗಲ್ಲಾಪೆಟ್ಟಿಗೆಯ ಹಿಂದೆ ಲಕ್ಷ್ಮೀ ಫೋಟೋದ ಪಕ್ಕಕ್ಕೆ ಸಿಕ್ಕಿಸಿದರು.