ಹೋಮ್ಸ್ ಕಥೆಯನ್ನು ಕಿವಿಗೆ ಒಗ್ಗಿಸಿದ್ದು

ಪತ್ತೇದಾರ ಷರ್ಲಾಕ್ ಹೋಮ್ಸ್ ಅಂದರೆ ಆ ಟೋಪಿ, ಆ ಬಾಗಿದ ಪೈಪು, ಅಲ್ವಾ? ಟೋಪಿಯನ್ನು ಹೆಸರುವಾಸಿ ಮಾಡಿದ್ದು ಸಿಡ್ನಿ ಪ್ಯಾಜೆಟ್ ಬರೆದ ಚಿತ್ರಗಳು. ಬಾಗಿದ ಪೈಪು ವಿಲಿಯಂ ಜಿಲೆಟ್ ಎಂಬ ನಟ ರಂಗಕ್ಕೆ ತಂದದ್ದು ಎನ್ನುತ್ತಾರೆ. ಆಡಿಯೋ ನಾಟಕದಲ್ಲಿ ಇವೆರಡೂ ಕಾಣುವುದಿಲ್ಲ. ಕಥೆ ತನ್ನ ಕಾಲ ಮೇಲೆ ತಾನೇ ನಿಲ್ಲಬೇಕು. ಗೆಳೆಯರ ಜೊತೆ ಸೇರಿ ಕನ್ನಡದಲ್ಲಿ ಮಾಡೋಣ ಅಂದಾಗ ನಾನು 1892ರ 'ದಿ ಸ್ಪೆಕಲ್ಡ್ ಬ್ಯಾಂಡ್' ಆರಿಸಿದ್ದು ಅದಕ್ಕೇ. ಅದರ ಸುಳಿವುಗಳಲ್ಲಿ ಮುಖ್ಯವಾದವು ಕೇಳಿಸುವಂಥವು. (ಓದದವರು ಇಲ್ಲೇ ನಿಲ್ಲಿಸಿ. ಗುಟ್ಟು ಹೇಳಿಬಿಡುತ್ತೇನೆ.)

ಕಥೆ ಇಷ್ಟು. ಡಾಕ್ಟರ್ ರಾಯ್ಲಟ್‌ಗೆ ಇಬ್ಬರು ಮಲಮಕ್ಕಳು. ಮದುವೆಯಾದರೆ ತಾಯಿಯ ಹಣದಲ್ಲಿ ಅವರ ಪಾಲು ಕೊಡಬೇಕು. ಮದುವೆ ಗೊತ್ತಾದ ಜೂಲಿಯಾ ಒಂದು ರಾತ್ರಿ ಸಾಯುತ್ತಾಳೆ. ಮೊದಲು ಶಿಳ್ಳೆ, ಆಮೇಲೆ ಲೋಹ ಬಿದ್ದಂಥ ಸದ್ದು. ಅವಳಿ ಸೋದರಿ ಹೆಲೆನ್ ಇದನ್ನೆಲ್ಲ ಹೋಮ್ಸ್ ಮುಂದೆ ಕೂತು ಹೇಳುತ್ತಾಳೆ. ಗುಟ್ಟು ಏನೆಂದರೆ, ಕೊಂದದ್ದು ರಾಯ್ಲಟ್ ಸಾಕಿದ ಹಾವು. ಅದು ಗಂಟೆ ಬಾರಿಸುವ ಹಗ್ಗ ಹಿಡಿದು ಅವಳ ಕೋಣೆಗೆ ಇಳಿಯುತ್ತದೆ, ಅವನು ಶಿಳ್ಳೆ ಹಾಕಿದರೆ ಹಾಲಿನ ಆಸೆಗೆ ವಾಪಸ್ ಬರುತ್ತದೆ.

ಇದನ್ನು ಇಂಗ್ಲೆಂಡಿನ ಸರ್ರೇಯಿಂದ ಎತ್ತಿ ಮಲೆನಾಡಿನ ಹಳೇ ಮನೆಗೆ ತಂದುಬಿಡು ಅಂದರು ಕೆಲವರು. ನಾನು ಒಪ್ಪಲಿಲ್ಲ. ಊರು ಬದಲಿಸುವುದು ಸುಲಭ, ಸುಳಿವನ್ನು ಉಳಿಸಿಕೊಳ್ಳುವುದು ಕಷ್ಟ. 2010ರ ಬಿಬಿಸಿ ಟಿವಿ ಸರಣಿ 'ಷರ್ಲಾಕ್' ಇದನ್ನು ಚೆನ್ನಾಗಿ ಮಾಡಿತ್ತು. 1890ರ 'ದಿ ಸೈನ್ ಆಫ್ ಫೋರ್'ನಲ್ಲಿ ಗಡಿಯಾರಕ್ಕೆ ಕೀ ಕೊಡುವ ತೂತಿನ ಸುತ್ತ ಗೀರುಗಳಿರುತ್ತವೆ. ಅವನ್ನು ನೋಡಿ ಅದು ಕುಡುಕನ ಗಡಿಯಾರ ಅಂತ ಹೋಮ್ಸ್ ಹೇಳುತ್ತಾನೆ. ಸರಣಿಯಲ್ಲಿ ಅದೇ ಗೀರು ಮೊಬೈಲಿಗೆ ಚಾರ್ಜರ್ ಚುಚ್ಚುವ ಜಾಗದ ಸುತ್ತ ಬಂತು. ವಸ್ತು ಬೇರೆ, ನಡುಗುವ ಕೈ ಅದೇ.

ಹೆಲೆನ್ ಹೇಳುವಾಗ ಶಿಳ್ಳೆ ಕೇಳಿಸಬೇಕು ಅಂತ ನಮ್ಮ ಗುಂಪಿನಲ್ಲಿ ಎಲ್ಲರದ್ದೂ ಒತ್ತಾಯ. ನಾನು ಬೇಡ ಅಂದೆ. ಅಲ್ಲಿ ಬರೀ ಅವಳ ಮಾತು. ನಿಜವಾದ ಶಿಳ್ಳೆಯನ್ನು ಕತ್ತಲ ಕೋಣೆಗೆ ಉಳಿಸಿಕೊಂಡೆವು. ಅಲ್ಲಿ ಹೋಮ್ಸ್, ಅವನ ಗೆಳೆಯ ವಾಟ್ಸನ್ ಸದ್ದಿಲ್ಲದೆ ಕಾಯುತ್ತಾರೆ. ಗಡಿಯಾರ ಹನ್ನೆರಡು, ಒಂದು, ಎರಡು, ಮೂರು ಹೊಡೆಯುತ್ತದೆ. ಕಥೆ ಹೇಳುತ್ತಾ ಬಂದ ವಾಟ್ಸನ್ ಬಾಯನ್ನೂ ಇಲ್ಲಿ ಮುಚ್ಚಿಸಿದೆ. ಗಂಟೆಯ ಸದ್ದೇ ಸಾಕಿತ್ತು.

ಆಮೇಲೆ ಬುಸುಗುಟ್ಟುವ ಸದ್ದು. ಕೆಟಲ್‌ನಿಂದ ಹಬೆ ಹೊರಡುವ ಹಾಗೆ ಅಂತ ಕಥೆಗಾರ ಡಾಯ್ಲ್ ಬರೆದಿದ್ದಾರೆ. ಅಡುಗೆಮನೆಯ ಹಬೆ ಹಿಡಿದರೆ ನಮ್ಮ ಜನಕ್ಕೆ ಕುಕ್ಕರ್ ನೆನಪಾಗುತ್ತೆ, ಭಯ ಹೋಗಿ ಅನ್ನ ಬೆಂತು ಅನ್ನಿಸುತ್ತೆ. ಅದಕ್ಕೆ ಸೈಕಲ್ ಟ್ಯೂಬಿನ ಗಾಳಿಯನ್ನು ನಿಧಾನವಾಗಿ ಬಿಟ್ಟು, ಮೈಕನ್ನು ದೂರ ಇಟ್ಟು ರೆಕಾರ್ಡ್ ಮಾಡಿದೆವು. ಬೆಂಕಿಕಡ್ಡಿ ಗೀರುತ್ತದೆ, ಶಿಳ್ಳೆ ಬರುತ್ತದೆ. ಕೊನೆಗೆ ಹಾವನ್ನು ಕಬ್ಬಿಣದ ಪೆಟ್ಟಿಗೆಗೆ ಹಾಕಿ ಮುಚ್ಚುವಾಗ ಗಾಡ್ರೇಜ್ ಬೀರುವಿನ ಬಾಗಿಲು ಢಣ್ ಅನ್ನುತ್ತದೆ. ಹೆಲೆನ್ ಹೇಳಿದ್ದ ಲೋಹದ ಸದ್ದು ಇದೇ ಅಂತ ಯಾರೂ ವಿವರಿಸಬೇಕಾಗಲಿಲ್ಲ.

ರಂಗದ ಮೇಲೆ ಇದು ಇಷ್ಟು ಸುಲಭ ಅಲ್ಲ. 1910ರಲ್ಲಿ ಡಾಯ್ಲ್ ಇದನ್ನೇ ನಾಟಕ ಮಾಡಿ ಲಂಡನ್ನಿನಲ್ಲಿ ಜೀವಂತ ಹಾವು ತಂದರು. ಅದು ಸುಮ್ನೆ ಹಗ್ಗದ ಹಾಗೆ ನೇತಾಡಿತಂತೆ. ಕೊನೆಗೆ ಕೃತಕ ಹಾವೇ ವಾಸಿ ಅಂತಾಯಿತು.

ನಮಗೆ ನಿಜವಾದ ಕಾಟ ಕೊಟ್ಟದ್ದು ಹಾಲು. ರಾಯ್ಲಟ್ ಕೋಣೆಯಲ್ಲಿ ಒಂದು ಬಟ್ಟಲು ಹಾಲಿರುತ್ತದೆ. ಅದನ್ನು ಕಂಡು ಹೋಮ್ಸ್ ಬೆಕ್ಕಿನ ಮಾತೆತ್ತುತ್ತಾನೆ. ನಾಗರಪಂಚಮಿಗೆ ಹುತ್ತಕ್ಕೆ ಹಾಲೆರೆಯುವ ನಮಗೆ ಬೆಕ್ಕು ಎಲ್ಲಿ ಹೊಳೆಯುತ್ತೆ? ಹಾಲಿನ ಮಾತು ಬಂದ ತಕ್ಷಣ, ಬೆಕ್ಕಿಲ್ಲ, ಚೀತಾ ಇದೆ ಅನ್ನುವ ಹೆಲೆನ್ ಉತ್ತರವನ್ನು ಜೋರು ದನಿಯಲ್ಲಿ ತಂದು ಗಮನ ಆ ಕಡೆ ಎಳೆಯಲು ನೋಡಿದೆ. ನಮ್ಮ ಅತ್ತೆ ಕೇಳಿದವರೇ, "ಹಾವೇ ಕಣೋ, ಆ ಗಂಟೆ ಹಗ್ಗ ಹಿಡ್ಕೊಂಡು ಇಳಿಯುತ್ತೆ" ಅಂದುಬಿಟ್ಟರು. ಆದರೂ ಎದ್ದು ಹೋಗಲಿಲ್ಲ. ಯಾವಾಗ ಇಳಿಯುತ್ತೆ ಅಂತ ಕೊನೆವರೆಗೂ ಕೂತರು.

ಹಾವು ಹಾಲಿನ ಆಸೆಗೆ ಹಗ್ಗ ಹತ್ತಿ ವಾಪಸ್ ಬರುವ ಪ್ರಾಣಿ ಅಲ್ಲ, ಅದು ನನಗೂ ಗೊತ್ತು. ಅದನ್ನು ಮಾತ್ರ ತಿದ್ದಲು ಹೋಗಲಿಲ್ಲ. ತಿದ್ದಿದರೆ ಕಥೆಯೇ ಉಳಿಯುವುದಿಲ್ಲ.