ಲಾಬಾ ಗಂಜಿ: ಒಂದೊಂದು ಕಾಳಿಗೆ ಒಂದೊಂದು ಹೊತ್ತು

ಚೀನೀ ಪಂಚಾಂಗದ ಹನ್ನೆರಡನೆಯ ತಿಂಗಳನ್ನು ‘ಲಾ’ ಎಂದು ಕರೆಯುತ್ತಾರೆ. ‘ಬಾ’ ಎಂದರೆ ಎಂಟು. ಆ ತಿಂಗಳ 8ನೆಯ ದಿನ, ಹೆಚ್ಚಾಗಿ ಜನವರಿಯ ಕೊರೆಯುವ ಚಳಿಯಲ್ಲಿ, ಉತ್ತರ ಚೀನಾದ ಮನೆಗಳಲ್ಲಿ ಅಕ್ಕಿ, ಕಾಳು, ಒಣಹಣ್ಣುಗಳ ಸಿಹಿ ಗಂಜಿ ಬೇಯುತ್ತದೆ. ಚೀನಾದ ಬೌದ್ಧರು ಬುದ್ಧನ ಜ್ಞಾನೋದಯವನ್ನು ಆಚರಿಸುವ ದಿನವೂ ಅದೇ ಆದ್ದರಿಂದ, ಜ್ಞಾನೋದಯಕ್ಕೆ ಮುನ್ನ ಸುಜಾತೆ ಎಂಬ ಹೆಣ್ಣುಮಗಳು ಅವನಿಗೆ ನೀಡಿದ ಪಾಯಸದ ನೆನಪಿನೊಡನೆ ಈ ಗಂಜಿ ಬೆಸೆದುಕೊಂಡಿದೆ. ಬೀಜಿಂಗಿನ ಯೋಂಗ್‌ಹೆ ದೇವಾಲಯದಲ್ಲಿ ಅಂದು ಅದನ್ನು ಬಂದವರಿಗೆಲ್ಲ ಹಂಚುತ್ತಾರೆ.

ಆರು ಜನರಿಗೆ 100 ಗ್ರಾಂ ಅಂಟಕ್ಕಿ, 50 ಗ್ರಾಂ ಕೆಂಪು ಅಜುಕಿ ಕಾಳು, 40 ಗ್ರಾಂ ನವಣೆ, 30 ಗ್ರಾಂ ಕಡಲೆಕಾಯಿ ಬೀಜ, 25 ಗ್ರಾಂ ತಾವರೆ ಬೀಜ, ಹತ್ತು ಒಣ ಕೆಂಪು ಎಲಚಿ ಹಣ್ಣು, ಒಂದು ಹಿಡಿ ಅಕ್ರೋಟು ಮತ್ತು 70 ಗ್ರಾಂ ಕಲ್ಲುಸಕ್ಕರೆ ಬೇಕು. ಚೀನೀಯರು ‘ಶಿಯಾವೊಮಿ’ ಎನ್ನುವ ಧಾನ್ಯ ನಮ್ಮ ನವಣೆಯೇ ಆಗಿರುವುದರಿಂದ ಅದಕ್ಕೆ ಬದಲಿ ಹುಡುಕಬೇಕಿಲ್ಲ. ಅಜುಕಿ ಸಿಗದಿದ್ದರೆ ಕೆಂಪು ಅಲಸಂದೆ ನಡೆಯುತ್ತದೆ, ಆದರೆ ಅಂಟಕ್ಕಿಯ ಜಾಗಕ್ಕೆ ಸೋನಾ ಮಸೂರಿ ಹಾಕಿದರೆ ಗಂಜಿಗೆ ಆ ನುಣುಪಾದ ಜಿಗುಟು ಬರುವುದಿಲ್ಲ.

ಅಜುಕಿಯನ್ನೂ ಕಡಲೆಕಾಯಿ ಬೀಜವನ್ನೂ ರಾತ್ರಿಯಿಡೀ, ಅಂಟಕ್ಕಿಯನ್ನು ಎರಡು ಗಂಟೆ ನೆನೆಸಿಡಿ. ತಾವರೆ ಬೀಜಗಳನ್ನು ಸೀಳಿ, ಒಳಗೆ ಹಸಿರು ಮೊಳಕೆ ಉಳಿದಿದ್ದರೆ ತಪ್ಪದೆ ತೆಗೆಯಿರಿ. ಅದರ ಕಹಿ ಇಡೀ ಪಾತ್ರೆಗೆ ಹರಡುತ್ತದೆ.

ಈ ಅಡುಗೆಯ ಹದವೆಲ್ಲ ಯಾವುದನ್ನು ಯಾವಾಗ ಹಾಕುತ್ತೇವೆ ಎಂಬುದರಲ್ಲಿದೆ. ದಪ್ಪ ತಳದ ಪಾತ್ರೆಯಲ್ಲಿ ಎರಡೂವರೆ ಲೀಟರ್ ನೀರಿಗೆ ಮೊದಲು ಅಜುಕಿ, ಕಡಲೆಕಾಯಿ ಬೀಜ, ತಾವರೆ ಬೀಜಗಳನ್ನು ಹಾಕಿ, ಕುದಿ ಬಂದ ಮೇಲೆ ಉರಿ ತಗ್ಗಿಸಿ, ಕಾಳು ಬೆರಳಿಗೆ ಮೆತ್ತಗಾಗುವವರೆಗೆ, ಅಂದರೆ ಸುಮಾರು 45 ನಿಮಿಷ ಬೇಯಿಸಿರಿ. ಆಮೇಲೆ ಬಸಿದ ಅಂಟಕ್ಕಿ, ತೊಳೆದ ನವಣೆ ಮತ್ತು ಬೀಜ ತೆಗೆದ ಎಲಚಿ ಹಣ್ಣು ಸೇರಿಸಿ ಇನ್ನೂ 40 ನಿಮಿಷ ಸಣ್ಣ ಉರಿಯಲ್ಲಿಡಿ. ಅಂಟಕ್ಕಿ ಬಹುಬೇಗ ತಳ ಹಿಡಿಯುವುದರಿಂದ ಸೌಟನ್ನು ತಳಕ್ಕೆ ತಾಗಿಸಿ ಆಗಾಗ ತಿರುವುತ್ತಿರಬೇಕು. ನೀರು ಸಾಲದಿದ್ದರೆ ಕುದಿಯುವ ನೀರನ್ನೇ ಹಾಕಬೇಕು. ಕುಕ್ಕರಿನಲ್ಲಿ ಕೆಲಸ ಬೇಗ ಮುಗಿಯುತ್ತದೆ ನಿಜ, ಆದರೆ ಅದರಲ್ಲಿ ಎಲ್ಲವೂ ಕಲಸಿ ಒಂದೇ ಮುದ್ದೆಯಾಗಿಬಿಡುತ್ತದೆ.

ಕಲ್ಲುಸಕ್ಕರೆಯನ್ನು ಕೊನೆಯ ಹತ್ತು ನಿಮಿಷದಲ್ಲಷ್ಟೇ ಹಾಕಿರಿ, ಏಕೆಂದರೆ ಸಿಹಿ ಮೊದಲೇ ಸೇರಿದರೆ ಕಾಳು ಬೇಗ ಮೆತ್ತಗಾಗುವುದಿಲ್ಲ. ಹುರಿದ ಅಕ್ರೋಟು ಬಡಿಸುವಾಗ ಮೇಲೆ ಬೀಳಲಿ.

ಲಾಬಾದ ಗಂಜಿ ಮರುದಿನಕ್ಕೆ ಉಳಿದರೆ ಅದನ್ನು ಶುಭವೆಂದೇ ನಂಬುತ್ತಾರೆ. ತಣಿದ ಗಂಜಿ ಗಟ್ಟಿಯಾಗಿರುತ್ತದೆ. ಅರ್ಧ ಲೋಟ ಬಿಸಿನೀರು ಬೆರೆಸಿ ಸಣ್ಣ ಉರಿಯಲ್ಲಿ ನಿಧಾನವಾಗಿ ಸಡಿಲಿಸಿಕೊಳ್ಳಿ.