ನೀಲಿಗೂ ಹಸಿರಿಗೂ ಒಂದೇ ಹೆಸರು ಯಾಕೆ? ಒಂದು ಪ್ರಶ್ನೆ ಹಿಡಿದು ನಾಲ್ಕು ಕಡೆ ಓಡಾಡಿದ್ದು

ಜಪಾನೀ ಭಾಷೆ ಕಲಿಯುತ್ತಿದ್ದಾಗ ಒಂದು ಪಾಠದಲ್ಲಿ ಟ್ರಾಫಿಕ್ ಸಿಗ್ನಲ್ ಬಂತು. ಹಸಿರು ದೀಪವನ್ನು ಅವರು 'ಆವೋ' ಅನ್ನುತ್ತಾರೆ. ಆವೋ ಅಂದರೆ ನೀಲಿ. ಹಸಿರಿಗೆ 'ಮಿದೋರಿ' ಎಂಬ ಬೇರೆ ಪದ ಇದ್ದರೂ, ಸಿಗ್ನಲ್ ಮಾತ್ರ ಆವೋ. ಹಿಂದೆ ಆ ಪದ ಎರಡೂ ಬಣ್ಣಕ್ಕೆ ಸಲ್ಲುತ್ತಿತ್ತಂತೆ. ಹುಡುಕುತ್ತಾ ಹೋದರೆ ವಿಯೆಟ್ನಾಮಿನ ಭಾಷೆಯಲ್ಲಿ ಇವತ್ತಿಗೂ ಎಲೆಗೂ ಆಕಾಶಕ್ಕೂ ಒಂದೇ ಬಣ್ಣದ ಪದ. ವೆಲ್ಶ್ ಭಾಷೆಯಲ್ಲಿ ನೀಲಿಗಿರುವ 'ಗ್ಲಾಸ್' ಎಂಬ ಪದ ಹುಲ್ಲಿನ ಹೆಸರಿನೊಳಗೂ ಕೂತಿದೆ.

ಅವತ್ತು ರಾತ್ರಿ ಡೈರಿಯಲ್ಲಿ ಬರೆದೆ: "ಕಣ್ಣಿಗೆ ಬೇರೆ ಬೇರೆ ಕಾಣುವ ಎರಡು ಬಣ್ಣಕ್ಕೆ ಒಂದೇ ಹೆಸರು ಯಾಕೆ?" ನನ್ನ ಐದು ವರ್ಷದ ಸಂಶೋಧನೆ ಶುರುವಾಗಿದ್ದು ಈ ಒಂದು ಸಾಲಿನಿಂದ.

ನಾನು ಮಾಡಿದ ಮೊದಲ ಒಳ್ಳೆಯ ಕೆಲಸ ಅಂದರೆ ಆ ಸಾಲಿಗೆ ಯಾವ ಶಾಸ್ತ್ರದ ಪದವನ್ನೂ ಸೇರಿಸದೆ ಇದ್ದದ್ದು. ಮರುದಿನವೇ ಅದನ್ನು 'ವರ್ಣಪದಗಳ ವರ್ಗೀಕರಣ' ಅಂತೆಲ್ಲ ತಿದ್ದಿ ಬರೆದಿದ್ದೆ. ಓದಿದರೆ ಅದಾಗಲೇ ಭಾಷಾಶಾಸ್ತ್ರದ ಪ್ರಶ್ನೆ ಆಗಿಬಿಟ್ಟಿತ್ತು. ಹಾಗೆ ಕೇಳಿದರೆ ಭಾಷಾಶಾಸ್ತ್ರದ ಉತ್ತರ ಮಾತ್ರ ಸಿಗುತ್ತದೆ ಅನ್ನಿಸಿ ಅಳಿಸಿದೆ. ಇದಕ್ಕೆ ಬೆಲೆಯನ್ನೂ ತೆತ್ತೆ. ನೆರವು ಕೇಳಿ ಒಂದು ಸಂಸ್ಥೆಗೆ ಅರ್ಜಿ ಹಾಕಿದಾಗ 'ಯಾವ ವಿಭಾಗ?' ಎಂಬ ಜಾಗದಲ್ಲಿ ನಾಲ್ಕು ಹೆಸರು ಬರೆದಿದ್ದೆ. ಒಂದೇ ಹೆಸರು ಬರೆಯಿರಿ ಎಂದು ವಾಪಸ್ ಕಳಿಸಿದರು. ಆಮೇಲೆ ಬಹಳ ದಿನ ನನ್ನ ಸಂಜೆಗಳನ್ನು ಮಾತ್ರ ಹಾಕಿ ಕೆಲಸ ಮಾಡಿದೆ.

ಮೊದಲು ಹಳೆಯದನ್ನು ಓದಿದೆ. 1858ರಲ್ಲಿ ಗ್ಲಾಡ್‌ಸ್ಟನ್ ಪ್ರಾಚೀನ ಗ್ರೀಕ್ ಕವಿ ಹೋಮರನ ಕಾವ್ಯದ ಬಣ್ಣಗಳ ಬಗ್ಗೆ ಬರೆದರು. ಮುಂದೆ ಬ್ರಿಟನ್ನಿನ ಪ್ರಧಾನಿಯಾದರಲ್ಲ, ಅವರೇ. ಹೋಮರನಲ್ಲಿ ಸಮುದ್ರಕ್ಕೆ ದ್ರಾಕ್ಷಾರಸದ ಬಣ್ಣ, ಉಣ್ಣೆಗೆ ನೇರಳೆ ಬಣ್ಣ. ಆದರೆ ಆಕಾಶ ಎಲ್ಲೂ ನೀಲಿಯಾಗಿಲ್ಲ. ಆ ಕಾಲದವರಿಗೆ ಬಣ್ಣ ತಿಳಿಯುವ ಶಕ್ತಿ ಇನ್ನೂ ಪೂರ್ತಿ ಬೆಳೆದಿರಲಿಲ್ಲ ಅಂತ ಅವರು ಊಹಿಸಿದರು. 1877ರಲ್ಲಿ ಕಣ್ಣಿನ ವೈದ್ಯ ಹ್ಯೂಗೋ ಮ್ಯಾಗ್ನಸ್ ಅದನ್ನೇ ಹಿಡಿದು, ಮನುಷ್ಯನ ಕಣ್ಣೇ ಮೆಲ್ಲಗೆ ವಿಕಾಸವಾಯಿತು ಎಂದರು. ಪದ ಇಲ್ಲ, ಹಾಗಾಗಿ ನೋಟವೂ ಇರಲಿಲ್ಲ ಎಂಬ ಲೆಕ್ಕ. ಆ ವಾದ ಮುಂದೆ ಬಿದ್ದುಹೋಯಿತು. ಆದರೂ ಅವರ ಮೇಲೆ ನನಗೆ ಗೌರವ ಜಾಸ್ತಿ. ರಾಜಕಾರಣಿ ಎತ್ತಿದ ಪ್ರಶ್ನೆಯನ್ನು ವೈದ್ಯರೊಬ್ಬರು ತಮ್ಮದೇ ಅಂತ ತಗೊಂಡರಲ್ವಾ?

ಓದಿದ್ದು ಸಾಕು, ಜನರನ್ನು ಕೇಳೋಣ ಅಂತ ಹೊರಟೆ. ಮೊದಲು ಒಬ್ಬ ಕಣ್ಣಿನ ಡಾಕ್ಟರ್. ನನ್ನ ಸಾಲನ್ನು ಓದಿ, 'ಕಣ್ಣಿಗೆ ಬೇರೆ ಬೇರೆ ಕಾಣುವ' ಎಂಬ ಮಾತಿನ ಮೇಲೆ ಬೆರಳಿಟ್ಟು, "ಯಾರ ಕಣ್ಣಿಗೆ?" ಅಂದರು.

ನನಗೆ ಉತ್ತರ ಹೊಳೆಯಲಿಲ್ಲ. ವಯಸ್ಸಾದಂತೆ ಕಣ್ಣಿನ ಮಸೂರ ಹಳದಿಯಾಗುತ್ತದೆ, ನೀಲಿ ಬೆಳಕು ಒಳಗೆ ಹೋಗುವುದು ಕಡಿಮೆಯಾಗುತ್ತದೆ ಎಂದು ಅವರು ವಿವರಿಸಿದರು. ಬಿಸಿಲು ಜಾಸ್ತಿ ಇರುವ ಕಡೆ ಮಸೂರ ಬೇಗ ಹಳದಿಯಾಗಿ, ಅಲ್ಲಿನ ಭಾಷೆಗಳಲ್ಲಿ ನೀಲಿ–ಹಸಿರು ಕೂಡಿಕೊಂಡಿರಬಹುದು ಅಂತ 2002ರಲ್ಲಿ ಲಿಂಡ್ಸಿ ಮತ್ತು ಬ್ರೌನ್ ಎಂಬ ಸಂಶೋಧಕರು ವಾದಿಸಿದ್ದರು. ಕೇಳಿದ ಕೂಡಲೇ ನನಗೆ ಉತ್ತರ ಸಿಕ್ಕೇಬಿಟ್ಟಿತು ಅನ್ನಿಸಿತು.

ಡಾಕ್ಟರು ನನ್ನನ್ನು ಒಬ್ಬ ಹಿರಿಯರ ಹತ್ತಿರ ಕರೆದುಕೊಂಡು ಹೋದರು. ಒಂದು ಕಣ್ಣಿನ ಪೊರೆ ತೆಗೆದು ವಾರವಾಗಿತ್ತು, ಇನ್ನೊಂದರದ್ದು ಬಾಕಿ ಇತ್ತು. ಅವರ ಮುಂದೆ ಬಿಳಿ ಹಾಳೆ ಹಿಡಿದರು. ಅವರು ಹಳೆಯ ಕಣ್ಣು ಮುಚ್ಚಿ ನೋಡಿ, "ಬಿಳಿ, ಸ್ವಲ್ಪ ನೀಲಿ ಹೊಡೆಯುತ್ತೆ" ಅಂದರು. ಹೊಸ ಕಣ್ಣು ಮುಚ್ಚಿ ನೋಡಿ, "ಇದರಲ್ಲಿ ಚಹಾ ಚೆಲ್ಲಿ ಒಣಗಿದ ಹಾಗಿದೆ" ಅಂದರು. ಡಾಕ್ಟರು ಕಿಟಕಿ ತೆರೆದು ಆಕಾಶ ತೋರಿಸಿದರು. ಒಂದು ಕಣ್ಣಲ್ಲಿ ನೋಡಿದರು, ನೀಲಿ. ಇನ್ನೊಂದರಲ್ಲೂ ನೋಡಿದರು, ಅದೂ ನೀಲಿಯೇ. ಗಿಡ ಎರಡರಲ್ಲೂ ಹಸಿರು.

ಒಳಗೆ ಬರುವ ಬೆಳಕು ಅಷ್ಟು ಬದಲಾದರೂ ಹೆಸರು ಅಲ್ಲಾಡಲಿಲ್ಲ. ಒಬ್ಬರನ್ನು ನೋಡಿ ತೀರ್ಮಾನ ಮಾಡುವ ಹಾಗಿಲ್ಲ, ನಿಜ. ಆದರೆ 2005ರಲ್ಲಿ ಇನ್ನೊಂದು ತಂಡವೂ ಹಳದಿ ಮಸೂರದ ವಯಸ್ಸಾದವರು ಬಣ್ಣಕ್ಕೆ ಹೆಚ್ಚುಕಡಿಮೆ ಹರೆಯದವರ ಹಾಗೆಯೇ ಹೆಸರು ಹೇಳುತ್ತಾರೆ ಎಂದು ತೋರಿಸಿತ್ತು. ಮನೆಗೆ ಬಂದು 'ಕಣ್ಣಿಗೆ ಬೇರೆ ಬೇರೆ ಕಾಣುವ' ಎಂಬ ಮಾತನ್ನು ಹೊಡೆದುಹಾಕಿದೆ. ಕೇಳುವ ಮೊದಲೇ ಅರ್ಧ ಉತ್ತರ ಅದರೊಳಗೆ ಅಡಗಿತ್ತು.

ಭೌತಶಾಸ್ತ್ರದ ಗೆಳೆಯನ ಹತ್ತಿರ ಹೋಗಿದ್ದು ತಡವಾಯಿತು, ಅದು ನನ್ನ ದೊಡ್ಡ ತಪ್ಪು. ಅಷ್ಟರಲ್ಲಿ ಎರಡು ತಿಂಗಳು ಕೂತು ಕಂಪ್ಯೂಟರ್ ಪರದೆಯ ಮೇಲೆ ಬಣ್ಣದ ಚೌಕ ತೋರಿಸಿ ಜನರಿಂದ ಹೆಸರು ಕೇಳಿ ಬರೆದುಕೊಂಡಿದ್ದೆ. ಅವನು ನೋಡಿದವನೇ, "ಎಲ್ಲರಿಗೂ ಇದೇ ಪರದೆನಾ? ಕೋಣೆಯ ದೀಪ ಯಾವುದು?" ಅಂದ. ಪರದೆ ಕೆಂಪು, ಹಸಿರು, ನೀಲಿ ಎಂಬ ಮೂರು ಬೆಳಕನ್ನು ಬೆರೆಸಿ ಬಣ್ಣ ಮಾಡುತ್ತದೆ. ಎಲೆ ಹಾಗಲ್ಲ, ಅದರಿಂದ ನೂರಾರು ತರಂಗದ ಬೆಳಕು ಬರುತ್ತದೆ. ಎರಡೂ ಕಣ್ಣಿಗೆ ಒಂದೇ ಥರ ಕಂಡರೂ ಬೆಳಕು ಬೇರೆ. ಪರದೆ ಬದಲಾದರೆ ನನ್ನ ನೀಲಿ–ಹಸಿರಿನ ಗಡಿಯೂ ಜರುಗುತ್ತದೆ. ನಾನು ಮೂರು ಪರದೆ ಬಳಸಿದ್ದೆ, ಯಾವುದನ್ನೂ ಅಳೆದಿರಲಿಲ್ಲ. ಎರಡು ತಿಂಗಳ ಕೆಲಸ ಪೂರ್ತಿ ಬಿಟ್ಟೆ. ಆಮೇಲೆ ಕಾಗದದ ಬಣ್ಣದ ಚೂರು, ಒಂದೇ ದೀಪ, ಬೂದು ಬಣ್ಣದ ಮೇಜು. ಅಷ್ಟೇ.

ಭಾಷಾಶಾಸ್ತ್ರದ ಮೇಡಂ ಆ ಚೂರುಗಳನ್ನೂ ಪ್ರಶ್ನಿಸಿದರು. ಭಾಷೆಗಳಲ್ಲಿ ಬಣ್ಣದ ಪದಗಳು ಹೆಚ್ಚುಕಡಿಮೆ ಒಂದೇ ಕ್ರಮದಲ್ಲಿ ಹುಟ್ಟುತ್ತವೆ ಎಂಬ ಸಿದ್ಧಾಂತವನ್ನು ಬರ್ಲಿನ್ ಮತ್ತು ಕೇ ಎಂಬ ಸಂಶೋಧಕರು 1969ರಲ್ಲಿ ಮಂಡಿಸಿದ್ದೂ, ಆಮೇಲೆ ನಡೆದ ವಿಶ್ವ ವರ್ಣ ಸಮೀಕ್ಷೆ 110 ಭಾಷೆಗಳವರಿಗೆ ತಲಾ 330 ಚೂರು ತೋರಿಸಿದ್ದೂ ನನಗೆ ಬಾಯಿಪಾಠವಾಗಿತ್ತು. ಅವರು ಎಲ್ಲ ಕೇಳಿಸಿಕೊಂಡು, "ಚೂರಿನಲ್ಲಿ ಏನೇನು ಇಲ್ಲ ಹೇಳಿ" ಅಂದರು. ಆಮೇಲೆ ಫಿಲಿಪ್ಪೀನ್ಸಿನ ಹನುನೂ ಜನರ ಬಗ್ಗೆ ಮಾನವಶಾಸ್ತ್ರಜ್ಞ ಹೆರಾಲ್ಡ್ ಕಾಂಕ್ಲಿನ್ 1955ರಲ್ಲಿ ಬರೆದ ಲೇಖನ ಕೊಟ್ಟರು. ಆಗಷ್ಟೇ ಕಡಿದ ಹಸಿ ಬಿದಿರು ನಮಗೆ ಕಂದು ಕಾಣುತ್ತದೆ. ಹನುನೂಗಳು ಅದಕ್ಕೆ ಎಳೆ ಹಸಿರಿನ ಪದವನ್ನೇ ಬಳಸುತ್ತಾರೆ, ಯಾಕೆಂದರೆ ಆ ಪದದಲ್ಲಿ ತೇವವೂ ಸೇರಿದೆ. ನಮ್ಮ ಹಸಿ–ಹಸಿರು ನೆನಪಾಗಿ ಮೈ ಜುಂ ಅಂತು. ದಿನಾ ಬಳಸುವ ಪದ, ಒಮ್ಮೆಯೂ ನಿಂತು ನೋಡಿರಲಿಲ್ಲ.

ಆಗಿನಿಂದ ನನ್ನ ಟಿಪ್ಪಣಿ ಪುಸ್ತಕದಲ್ಲಿ 'ಬಣ್ಣ' ಎಂಬ ಒಂದು ಪದಕ್ಕೇ ಒಂದು ಪುಟ ಬಿಟ್ಟೆ. ಗೆಳೆಯನಿಗೆ ಬಣ್ಣ ಅಂದರೆ ತರಂಗ, ಡಾಕ್ಟರಿಗೆ ಮಿದುಳಿಗೆ ಹೋಗುವ ಸುದ್ದಿ, ಮೇಡಂಗೆ ಒಂದು ಮಾತು. ಮೂವರೂ ನನ್ನ ಜತೆ ಮಾತಾಡುವಾಗ ಒಂದೇ ಪದ ಬಳಸುತ್ತಿದ್ದರು, ನಾನು ಅದನ್ನು ಒಂದೇ ವಸ್ತು ಅಂದುಕೊಂಡಿದ್ದೆ. ಎಷ್ಟೋ ಜಗಳಗಳು ಸುಮ್ನೆ ಇದರಿಂದ ಆಗಿದ್ದು. ಒಂದು ಪ್ರಶ್ನೆಯನ್ನು ಮಾತ್ರ ಎಲ್ಲರಿಗೂ ತಪ್ಪದೆ ಕೇಳಿದೆ: ಏನು ಕಂಡರೆ ನಿಮ್ಮ ಮಾತು ತಪ್ಪು ಅಂತ ಒಪ್ಪುತ್ತೀರಿ? ಒಬ್ಬರ ಶಾಸ್ತ್ರ ಇನ್ನೊಬ್ಬರದಕ್ಕೆ ಎಲ್ಲಿ ತಾಗುತ್ತದೆ ಎಂದು ಗೊತ್ತಾಗಿದ್ದು ಆ ಉತ್ತರಗಳಿಂದಲೇ.

ಹೋದ ವರ್ಷ ನಾಲ್ಕನೆಯ ಬಾಗಿಲು ತಟ್ಟಿದೆ, ನೀಲಿ ಬಣ್ಣ ಹಾಕುವ ಒಬ್ಬ ಹಿರಿಯ ಹೆಂಗಸಿನದು. ಪ್ರಶ್ನೆ ಅಷ್ಟರಲ್ಲಿ "ನೀಲಿಗೆ ಬೇರೆ ಹೆಸರು ಬೇಕು ಅಂತ ಯಾರಿಗೆ, ಯಾವಾಗ ಅನ್ನಿಸುತ್ತದೆ?" ಅಂತ ಬದಲಾಗಿತ್ತು. ಅವರು ಬಟ್ಟೆಯನ್ನು ತೊಟ್ಟಿಯಿಂದ ಎತ್ತಿದರು. ಅದು ಹಸಿರಾಗಿತ್ತು, ಹಳದಿ ಬೆರೆತ ಹಸಿರು. ಗಾಳಿ ತಾಗುತ್ತಿದ್ದ ಹಾಗೆ ಅಂಚಿನಿಂದ ಬಣ್ಣ ತಿರುಗತೊಡಗಿತು. ನಾನು ಕೈಯಲ್ಲಿ ಗಡಿಯಾರ ಹಿಡಿದು ನಿಂತಿದ್ದೆ.

"ನೀಲಿ ಆಯ್ತಲ್ವಾ ಅಮ್ಮಾ?" ಅಂದೆ.

"ಇನ್ನೂ ಇಲ್ಲ" ಅಂದರು.

ನನ್ನ ಕಣ್ಣಿಗೆ ಹಸಿರು ಎಲ್ಲೂ ಉಳಿದಿರಲಿಲ್ಲ. ಅವರು ಬಟ್ಟೆಯ ಒಂದು ಮಡಿಕೆ ಬಿಡಿಸಿ ಒಳಗೆ ನೋಡಿದರು, ಇನ್ನೊಂದು ಮಡಿಕೆ ಬಿಡಿಸಿದರು. "ಹಾಂ, ಈಗ" ಅಂದರು. ನಾನು ಎರಡೂ ಹೊತ್ತನ್ನು ಪುಸ್ತಕದಲ್ಲಿ ಅಕ್ಕಪಕ್ಕ ಬರೆದುಕೊಂಡೆ.